ಸಾಹೇಬನ ಡಬ್ಬಿ

"ಇದು ಏನೋ ಬೇರೆ ತಿಂತಾ ಇದೆ. ಏನು ಅಂತ ನೀವೇ ಪತ್ತೆ ಮಾಡ್ಬೇಕು," ಎಂದು ಪಶುವೈದ್ಯೆ ರಕ್ತದ ವರದಿಯನ್ನು ಮೇಜಿನ ಮೇಲಿಟ್ಟಾಗ, ಸಾಹೇಬ ಮಾತ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ತೂಕದ ಯಂತ್ರದ ಮೇಲೆ ಕಾಲು ಚಾಚಿ ಮಲಗಿದ್ದ. ಹನ್ನೊಂದು ವರ್ಷದ ನಾಯಿ, ಕಿಡ್ನಿ ಸೋತಿತ್ತು. ಅಂಗಡಿಯ ಬಿಸ್ಕತ್ತು ನಿಲ್ಲಿಸಿ, ಮನೆಯಲ್ಲೇ ಮಾಡಿದ ತಾಜಾ ಊಟ ಹಾಕಿ, ಉಪ್ಪು ಖಾರ ಈರುಳ್ಳಿ ಸೋಕಬಾರದು ಎಂದು ಅವರು ಹೇಳಿ ಎರಡೂವರೆ ತಿಂಗಳಾಗಿತ್ತು. ಮೊದಮೊದಲು ಚೇತರಿಸಿಕೊಂಡವನು ಮೂರು ವಾರದಿಂದ ಮತ್ತೆ ಇಳಿದುಹೋಗಿದ್ದ. ಹತ್ತು ದಿನದಲ್ಲಿ ಸುಧಾರಿಸದಿದ್ದರೆ ಹೆಚ್ಚು ಕಾಲ ಉಳಿಯುವುದಿಲ್ಲ ಎಂದು ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದರು.

ಸಾಹೇಬನನ್ನು ಕರೆತಂದಿದ್ದ ಅವಳಿಗೆ ಅಳು ಬರುವುದಕ್ಕಿಂತ ಮೊದಲು ಕುತೂಹಲ ಕೆರಳಿತು. ಬೇರೆ ತಿನ್ನುವುದಾದರೂ ಎಲ್ಲಿಂದ? ಅವಳು ಶಾಲೆಯ ವ್ಯಾನ್ ಓಡಿಸುವವಳು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಮಕ್ಕಳನ್ನು ಇಳಿಸಿ, ನಡುವಿನ ಹೊತ್ತಿನಲ್ಲಿ ಅದೇ ವ್ಯಾನಿನಲ್ಲಿ ಲಾಂಡ್ರಿಯ ಬಟ್ಟೆ ಗಂಟುಗಳನ್ನು ಸಾಗಿಸಿ, ಮತ್ತೆ ಮಕ್ಕಳನ್ನು ಮನೆ ಮುಟ್ಟಿಸಿ ಬರುವಾಗ ಸಂಜೆ ಆರು. ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದ ಈ ಓಡಾಟದ ನಡುವೆ ಭಾನುವಾರ ಒಮ್ಮೆ, ಬುಧವಾರ ಒಮ್ಮೆ ಎರಡು ಒಲೆಯ ಮೇಲೆ ಎರಡು ಪಾತ್ರೆ ಇಡುತ್ತಿದ್ದಳು. ಒಂದರಲ್ಲಿ ಗಂಡನ ಮಧ್ಯಾಹ್ನದ ಊಟಕ್ಕೆ ಮಸಾಲೆ ಹಾಕಿದ ಸಾರು. ಇನ್ನೊಂದರಲ್ಲಿ ಸಾಹೇಬನಿಗೆ ಕೋಳಿ, ಕುಂಬಳಕಾಯಿ, ಕ್ಯಾರೆಟ್ಟು, ಅನ್ನ ಎಲ್ಲ ಒಟ್ಟಿಗೆ ಬೆಂದ ಸಪ್ಪೆ ಮುದ್ದೆ. ಎರಡನ್ನೂ ಒಂದೇ ಥರದ ಡಬ್ಬಿಗಳಿಗೆ ತುಂಬಿ ಫ್ರಿಜ್ಜಿನಲ್ಲಿ ಸಾಲಾಗಿ ಇಡುತ್ತಿದ್ದಳು. ಬೆಳಿಗ್ಗೆ ಎಂಟಕ್ಕೆ ಗಂಡ ತನ್ನ ಡಬ್ಬಿ ಎತ್ತಿಕೊಂಡು ಪುಸ್ತಕ ಕಟ್ಟುವ ಕಾರ್ಖಾನೆಗೆ ಹೋಗುತ್ತಿದ್ದ. ಮಧ್ಯಾಹ್ನ ಅತ್ತೆ ನಾಯಿಯ ಡಬ್ಬಿ ಬಿಸಿ ಮಾಡಿ ಹಾಕುತ್ತಿದ್ದರು.

ಅವಳ ಅನುಮಾನ ಮೊದಲು ಹೋದದ್ದು ಪಕ್ಕದ ಮನೆಯ ದರ್ಜಿಯ ಮೇಲೆ. ಅವನು ಕಾಂಪೌಂಡಿನ ಮೇಲಿಂದ ಬ್ರೆಡ್ಡು ಎಸೆಯುವ ಆಸಾಮಿ. ಕೇಳಿದರೆ, ಡಾಕ್ಟರ್ ಬೇಡ ಎಂದ ಮೇಲೆ ಒಂದು ಚೂರೂ ಹಾಕಿಲ್ಲ ಎಂದು ಮುಖ ಸಣ್ಣದು ಮಾಡಿಕೊಂಡ. ಕಸದ ಬುಟ್ಟಿಗೆ ಮುಚ್ಚಳ ತಂದಳು. ವ್ಯಾನು ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ತಲೆಯಲ್ಲಿ ಮನೆಯ ಮೂಲೆ ಮೂಲೆಯನ್ನು ಜಾಲಾಡುತ್ತಿದ್ದಳು.

ಶುಕ್ರವಾರ ಲಾಂಡ್ರಿಯ ಯಂತ್ರ ಕೆಟ್ಟು, ಸಾಗಿಸಲು ಬಟ್ಟೆಯೇ ಇರಲಿಲ್ಲ. ಅವಳು ಮಧ್ಯಾಹ್ನವೇ ಮನೆಗೆ ಬಂದಳು. ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತು, ನಾಯಿಯ ತಟ್ಟೆಗೆ ಊದಿ ಊದಿ ಆರಿಸುತ್ತಿದ್ದರು. ತಟ್ಟೆಯಲ್ಲಿ ಕೆಂಪು ಸಾರು, ಅದರಲ್ಲಿ ತೇಲುವ ಈರುಳ್ಳಿ. ಸಾಹೇಬ ಬಾಯಿ ಹಾಕುವ ಮೊದಲೇ ಅವಳು ತಟ್ಟೆ ಕಿತ್ತುಕೊಂಡು, ಇದನ್ನೇಕೆ ಹಾಕುತ್ತಿದ್ದೀರಿ ಎಂದು ಕೇಳಿದಳು.

"ನೀನೇ ಇಟ್ಟಿದ್ದಲ್ವಾ? ಕೆಳಗಿನ ಸಾಲಿಂದೇ ತೆಗೆದೆ," ಎಂದರು ಅತ್ತೆ. "ಮೂರು ವಾರದಿಂದ ಬೇರೆ ಥರ ಇದೆ ಅಂತ ನಂಗೂ ಅನ್ನಿಸ್ತು. ಕೇಳಿದ್ರೆ ಹೆಸರಿಟ್ಟ ಹಾಗಾಗುತ್ತೆ ಅಂತ ಸುಮ್ನಿದ್ದೆ."

ಆ ಮನೆಯ ಕಾನೂನು ಅದು, ಮಾಡಿದವರೂ ಅತ್ತೆಯೇ. ಊಟಕ್ಕೆ ಹೆಸರಿಟ್ಟವರು ಮರುದಿನ ಇಡೀ ಮನೆಗೆ ಅಡುಗೆ ಮಾಡಬೇಕು. ಮೂವತ್ತು ವರ್ಷದಿಂದ ಅಲ್ಲಿ ಯಾರೂ ತಟ್ಟೆಯ ಬಗ್ಗೆ ತುಟಿ ಪಿಟಕ್ಕೆಂದಿರಲಿಲ್ಲ.

ಅವಳಿಗೆ ಆಗ ನೆನಪಾಯಿತು. ಅತ್ತೆಗೆ ಮೊಣಕಾಲು ನೋವು, ಬಗ್ಗುವುದು ಬೇಡವೆಂದು ಮೂರು ವಾರದ ಹಿಂದಿನ ಭಾನುವಾರ ನಾಯಿಯ ಡಬ್ಬಿಗಳನ್ನು ಮೇಲಿನ ಸಾಲಿಗೆ, ಗಂಡನವನ್ನು ಕೆಳಗಿನ ಸಾಲಿಗೆ ಬದಲಾಯಿಸಿದ್ದಳು. ಇನ್ನು ಮೇಲೆ ಹೀಗೆ ಎಂದು ಬಾಯಿಬಿಟ್ಟು ಹೇಳಿದ್ದೂ ನಿಜವೇ. ಆದರೆ ಆ ಹೊತ್ತು ಅಡುಗೆಮನೆಯಲ್ಲಿ ಇದ್ದದ್ದು ಸಾಹೇಬ ಒಬ್ಬನೇ. ತಪ್ಪು ತನ್ನದೇ ಎಂದು ತಿಳಿದು ಅವಳು ನಾಯಿಯ ಕುತ್ತಿಗೆ ತಬ್ಬಿಕೊಂಡು ಅತ್ತೇಬಿಟ್ಟಳು. ಅತ್ತೆಯನ್ನು ಬೈಯಲಿಲ್ಲ. ಡಬ್ಬಿಗಳನ್ನು ಹಳೆಯ ಜಾಗಕ್ಕೆ ಇಟ್ಟಳು.

ಇಡುವಾಗಲೇ ಇನ್ನೊಂದು ಪ್ರಶ್ನೆ ತಲೆಗೆ ಹೊಕ್ಕಿತು. ಹಾಗಾದರೆ ಮೂರು ವಾರ ಗಂಡ ತಿಂದದ್ದು ಏನು? ಆ ಸಪ್ಪೆ ಮುದ್ದೆಯನ್ನು ದಿನವೂ ಖಾಲಿ ಮಾಡಿ, ಡಬ್ಬಿ ತೊಳೆದು ತರುತ್ತಿದ್ದನಲ್ಲ! ಹೆಸರಿಡುವ ಹೆದರಿಕೆ ಇಷ್ಟಿರಲು ಸಾಧ್ಯವೇ?

ಸಂಜೆ ಅವನು ಷೂ ಬಿಚ್ಚುತ್ತಿದ್ದಾಗ ಅವಳು ಎದುರಿಗೆ ಕೂತು, ಈಚೆಗೆ ಊಟ ಹೇಗಿತ್ತು ಎಂದು ಕೇಳಿದಳು. ಆ ಮನೆಯಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆ. ಅವನು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ.

"ನಿಂಗೆ ಹೇಗೆ ಗೊತ್ತಾಯ್ತು? ರಿಪೋರ್ಟು ಬ್ಯಾಗಿನ ಒಳಜೇಬಲ್ಲೇ ಇತ್ತಲ್ಲ."

ಯಾವ ರಿಪೋರ್ಟು ಎನ್ನುವ ಮಾತು ನಾಲಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಅವನೇ ಒಂದೊಂದಾಗಿ ಹೇಳಿದ. ಕಾರ್ಖಾನೆಯ ತಪಾಸಣೆಯಲ್ಲಿ ರಕ್ತದೊತ್ತಡ ತೀರಾ ಏರಿದೆ ಎಂದಿದ್ದರು. ಮಾತ್ರೆ ಕೊಟ್ಟು, ಉಪ್ಪು ಬಿಡಬೇಕು ಎಂದಿದ್ದರು. ಅಪ್ಪ ಇದೇ ವಯಸ್ಸಿನಲ್ಲಿ, ಇದೇ ಕಾಯಿಲೆಯಿಂದ ಕುಸಿದು ಬಿದ್ದದ್ದನ್ನು ಕಂಡ ಅಮ್ಮನಿಗೆ ಹೇಳುವ ಧೈರ್ಯವಾಗಲಿಲ್ಲ. ಇವಳಿಗೆ ಹೇಳಿದರೆ ಇನ್ನೊಂದು ಪಾತ್ರೆ ಇಡುತ್ತಾಳೆ ಎಂದು ಸುಮ್ಮನಿದ್ದ.

"ಹೇಗೆ ಹೇಳೋದು ಅಂತ ಒದ್ದಾಡ್ತಿದ್ದೆ. ಅಷ್ಟರಲ್ಲಿ ಒಂದಿನ ಡಬ್ಬಿ ತೆಗೆದ್ರೆ ಉಪ್ಪೇ ಇಲ್ಲ. ಒಂದು ಮಾತೂ ಆಡದೆ ಶುರು ಮಾಡಿಬಿಟ್ಟಿದ್ಯಲ್ಲ," ಎಂದ. ಅವನ ಕಣ್ಣು ಒದ್ದೆಯಾಗಿತ್ತು. "ನಿನ್ನೆ ಮತ್ತೆ ಬಿ.ಪಿ. ನೋಡಿದ್ರು. ಎಷ್ಟೋ ಇಳಿದಿದೆಯಂತೆ."

ಅವಳಿಗೆ ನಗು, ನಾಚಿಕೆ, ಭಯ ಮೂರೂ ಒಟ್ಟಿಗೆ ಬಂದವು. ಇಷ್ಟು ದೊಡ್ಡದನ್ನು ಮುಚ್ಚಿಟ್ಟನಲ್ಲ ಎಂದು ಸಿಟ್ಟೂ ಬಂತು. ನಿಜ ಹೇಳಲು ಬಾಯಿ ತೆರೆದಳು.

"ಆ ಕುಂಬಳಕಾಯಿದು ಚೆನ್ನಾಗಿರುತ್ತೆ," ಎಂದ ಅವನು.

ಅವಳು ಎದ್ದು ನೀರು ತಂದುಕೊಟ್ಟಳು. ಮರುದಿನದಿಂದ ಎರಡು ಪಾತ್ರೆಯಲ್ಲೂ ಬೆಂದದ್ದು ಸಪ್ಪೆ ಮುದ್ದೆಯೇ.

ವೈದ್ಯೆ ಕೊಟ್ಟಿದ್ದ ಹತ್ತು ದಿನದ ಗಡುವು ಮುಗಿದ ಶನಿವಾರದ ರಕ್ತಪರೀಕ್ಷೆಯಲ್ಲಿ ಸಾಹೇಬನ ಅಂಕಿಗಳು ಒಂದು ಮೆಟ್ಟಿಲು ಇಳಿದಿದ್ದವು. ಗಂಡಾಂತರ ದಾಟಿಲ್ಲ, ಆದರೆ ದಾರಿಗೆ ಬಂದಿದ್ದಾನೆ ಎಂದರು ವೈದ್ಯೆ. ಮರುದಿನ ಭಾನುವಾರ ಅವಳು ಒಂದೇ ಒಲೆ ಹಚ್ಚಿ, ಒಂದೇ ದೊಡ್ಡ ಪಾತ್ರೆ ಇಟ್ಟಳು. ಭಾನುವಾರ ಹತ್ತರವರೆಗೆ ಹೊದಿಕೆ ಸರಿಸದ ಗಂಡ ಅಂದು ಎದ್ದು ಬಂದು, ಮಣೆಯ ಮುಂದೆ ನಿಂತು ಕ್ಯಾರೆಟ್ಟು ಹೆಚ್ಚತೊಡಗಿದ. ಹೆಚ್ಚುತ್ತಾ ಹೆಚ್ಚುತ್ತಾ ಒಲೆಯ ಕಡೆ ನೋಡಿ, ನಾಯಿಯ ಪಾತ್ರೆ ಎಲ್ಲಿ ಎಂದು ಕೇಳಿದ.

ಅವಳು ಒಂದು ಕ್ಷಣ ಸೌಟು ತಿರುವುವುದನ್ನು ನಿಲ್ಲಿಸಿದಳು.

"ಬೇರೆ ಯಾಕೆ? ಇನ್ಮೇಲೆ ಅವನೂ ನಿಮ್ಮದನ್ನೇ ತಿನ್ನಲಿ ಬಿಡಿ."

ಅವನು ಮಣೆಯ ಮೇಲಿನ ರಾಶಿಯನ್ನು ನೋಡಿದ. ಮೇಜಿನ ಕೆಳಗೆ ಕೂತಿದ್ದ ಸಾಹೇಬನ ಸವೆದ ಹಲ್ಲುಗಳನ್ನೂ ಬಗ್ಗಿ ನೋಡಿದ. ಆಮೇಲೆ ಹೆಚ್ಚಿಟ್ಟ ಚೂರುಗಳನ್ನೆಲ್ಲ ಮತ್ತೆ ಹತ್ತಿರಕ್ಕೆ ಎಳೆದುಕೊಂಡು, ಇನ್ನೂ ಸಣ್ಣಗೆ ಕೊಚ್ಚತೊಡಗಿದ.