ಗಂಟು ಗಂಟಿನ ಬೆಸುಗೆ

ನನ್ನ ಗಂಡ ಅಯ್ಯಣ್ಣನಿಗೆ ಏನೇ ಕೊಳ್ಳಲಿ, ದೊಡ್ಡದೇ ಆಗಬೇಕು. ಸಿರುಗುಪ್ಪದ ನಮ್ಮ ಓಣಿಯಲ್ಲಿ ಎತ್ತಿನ ಚಕ್ಕಡಿ ತಿರುಗಿಸಲು ಜಾಗವಿಲ್ಲ, ಅಂಥಲ್ಲಿ ಉದ್ದನೆಯ ಹಳೇ ಕಾರು ತಂದು ನಿಲ್ಲಿಸಿದ ಮಹಾರಾಯ. ಅದರ ಹೊಗೆ ಕೊಳವೆಗೆ, ಸೈಲೆನ್ಸರ್ ಅನ್ನುತ್ತಾರಲ್ಲ ಅದಕ್ಕೆ, ತೂತು ಬಿದ್ದು ಹೊಗೆಯೆಲ್ಲ ಕಾಲಡಿಯ ಹಲಗೆಯ ಸಂದಿಯಿಂದ ಒಳಗೇ ಬರುತ್ತಿತ್ತು.

ಬಸುರಿಯ ಕುಬಸದ ಶಾಸ್ತ್ರ ಮುಗಿಸಿ ಮಗಳು ವಿರೂಪಮ್ಮನನ್ನು ಚೊಚ್ಚಲ ಹೆರಿಗೆಗೆಂದು ಕುರುಗೋಡಿನ ಅತ್ತೆಮನೆಯಿಂದ ಕರೆದುಕೊಂಡು ಹೊರಟಿದ್ದೆವು. ಊರು ದಾಟಿ ಸ್ವಲ್ಪ ದೂರ ಬಂದಿರಲಿಲ್ಲ, ಅವಳು ನನ್ನ ಭುಜಕ್ಕೆ ಒರಗಿದಳು. ನಿದ್ದೆ ಬಂದಿರಬೇಕು ಅಂದುಕೊಂಡೆ. ಮುಖ ಎತ್ತಿ ನೋಡಿದರೆ ಎಚ್ಚರವೇ ಇಲ್ಲ. ಕೆಳಗಿಳಿಸಿ ಗಾಳಿಗೆ ಮಲಗಿಸಿದ ಮೇಲೆ ಕಣ್ಣು ಬಿಟ್ಟಳು.

ಹಿಂದಕ್ಕೆ ಕರೆದುಕೊಂಡು ಹೋದಾಗ ಅವಳ ಅತ್ತೆ ದೊಡ್ಡಬಸಮ್ಮ ಕಡ್ಡಿ ಮುರಿದಂತೆ ಹೇಳಿದಳು: "ಚಕ್ಕಡಿ ಕುಲುಕಾಟ ಬಸುರಿಗೆ ಆಗಂಗಿಲ್ಲ. ಈ ಹೊಗಿ ಗಾಡ್ಯಾಗಂತೂ ಕಳ್ಸಂಗಿಲ್ಲ. ಇಲ್ಲೇ ಹಡೀಲಿ."

ತವರಿದ್ದೂ ಚೊಚ್ಚಲು ಅತ್ತೆಮನೆಯಲ್ಲೇ? ಓಣಿಯವರು ಏನಂದಾರು?

ಕೊಳವೆಯ ತೂತಿಗೆ ಬಳ್ಳಾರಿಯಲ್ಲಿ ಹಾಕಿಸಿದ ಬೆಸುಗೆ ನಮ್ಮ ರಸ್ತೆಯ ಕಲ್ಲಿಗೆ ಪ್ರತಿ ಸಲವೂ ಬಿಚ್ಚಿಕೊಳ್ಳುತ್ತಿತ್ತು. "ಬೆಸುಗಿ ಸಾಮಾನು ಮನ್ಯಾಗ ಇರ್ಲಿ, ನಾನ ಕಲಿತೀನಿ" ಎಂದು ಅಯ್ಯಣ್ಣ ಹೊರಟ. ಕೊಳ್ಳುವುದನ್ನು ಅವನ ಕೈಗೆ ಬಿಟ್ಟರೆ ಆದೀತೇ? ನಾನೂ ಬೆನ್ನು ಹತ್ತಿದೆ.

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ, ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟುಹೋದ ಸಾಮಾನು ಮಾರುವ ಅಂಗಡಿಯೊಂದಿತ್ತು. ಅಲ್ಲಿ ಎಮ್ಮೆಕರುವಿನಷ್ಟು ದೊಡ್ಡ ಕರೆಂಟಿನ ಬೆಸುಗೆ ಯಂತ್ರ. ಪಕ್ಕದಲ್ಲಿ ಕಾರ್ಬೈಡ್ ಕಲ್ಲಿಗೆ ನೀರು ಬಿಟ್ಟು ಗ್ಯಾಸು ಮಾಡುವ ಡಬ್ಬಿ, ಒಂದು ಸಿಲಿಂಡರು, ಸಣ್ಣ ಉರಿಯ ಕೊಳವೆ. ನಮ್ಮವನು ನೇರ ಎಮ್ಮೆಕರುವಿನ ಬೆನ್ನು ಸವರಿದ.

"ಇದ ಇರ್ಲಿ."

"ನಮ್ಮ ಓಣ್ಯಾಗ ಕರೆಂಟು ಎಲ್ಲೈತ್ರಿ?" ಎಂದೆ.

"ಡ್ಯಾಮು ಕಟ್ಟಾಕತ್ತಾರಲ್ಲಲೇ! ಅದು ಮುಗದ್ರ ಊರಿಗೆಲ್ಲಾ ಕರೆಂಟು."

ಆಗ ನಮ್ಮ ಕಡೆಯ ಗಂಡಸರಿಗೆಲ್ಲ ಇದೇ ಹುಚ್ಚು. ತುಂಗಭದ್ರೆಗೆ ಗೋಡೆ ಏಳುವ ಮೊದಲೇ ಹೊಲಕ್ಕೆ ಕಾಲುವೆ ತೋಡಿಕೊಂಡವರಿದ್ದರು, ತೊಲೆಗೆ ಬಲ್ಬು ಕಟ್ಟಿಕೊಂಡು ಕೂತವರೂ ಇದ್ದರು.

"ನಿಮ್ಮ ಡ್ಯಾಮು ತುಂಬೂದ್ರಾಗ ಮಮ್ಮಗ ಸಾಲಿಗೆ ಹೋಗ್ತಾನ. ನಿಮ್ಮ ಮಗಳು ಹಡಿಯೂದು ಬರೋ ತಿಂಗಳು."

ಅಂಗಡಿಯವನು ನಕ್ಕ. "ಅಮ್ಮಾರು ಹೇಳೋದು ಖರೇ ಐತ್ರಿ. ದೊಡ್ಡದು ದಪ್ಪ ಕಬ್ಬಿಣಕ್ಕ. ಹೊಸದಾಗಿ ಕಲಿಯೋರು ಅದನ್ನ ತೆಳು ತಗಡಿಗೆ ಹಚ್ಚಿದ್ರ ತೂತು ಇನ್ನಾ ದೊಡ್ಡದಾಗ್ತೈತಿ."

ಅಯ್ಯಣ್ಣ ಮುಖ ಸಣ್ಣದು ಮಾಡಿಕೊಂಡು ಸಣ್ಣದನ್ನೇ ತಂದ.

ಮುಂದೆ ನನ್ನ ಅಡುಗೆಮನೆಗೆ ಗ್ರಹಚಾರ. ಎಣ್ಣೆ ಡಬ್ಬಿ, ಬೂದಿ ತೆಗೆಯುವ ತಗಡು, ಕೊನೆಗೆ ಹಿಟ್ಟಿನ ಡಬ್ಬಿಯ ಮುಚ್ಚಳವನ್ನೂ ಬಿಡದೆ, ಕಪ್ಪು ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಸುಟ್ಟು ಜರಡಿ ಮಾಡಿದ. ನಾನು ಬೈದೆ. ಅವನು ಮತ್ತೊಂದು ತಗಡು ಎತ್ತಿಕೊಂಡ. ಜಂಬದ ಮನುಷ್ಯ ಬೈಗಳು ನುಂಗಿ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಕೊನೆಗೊಂದು ದಿನ ಕಾರಿನಿಂದ ಕೊಳವೆ ಬಿಚ್ಚಿ, ಅಂಗಳಕ್ಕೆ ತಂದು ಬೆಸೆದು ಮತ್ತೆ ಜೋಡಿಸಿದ.

ಮತ್ತೆ ಕುರುಗೋಡಿಗೆ ಹೋದಾಗ ದೊಡ್ಡಬಸಮ್ಮ ಬಗ್ಗಿ ಕಾರಿನ ಅಡಿ ನೋಡಿದಳು. "ಇದೇನ್ರಿ ಬೀಗರ, ಹಿಂಗ ಗಂಟು ಗಂಟು?"

"ನಾನ ಹಾಕೀನ್ರಿ. ಚಂದ ಇಲ್ಲ. ಹೊಗಿ ಮಾತ್ರ ಬರಂಗಿಲ್ಲ."

ಅವಳು ಮಾತು ನಂಬುವವಳಲ್ಲ. ತಾನೇ ಹತ್ತಿ, ಗಾಜು ಏರಿಸಿ, ಹಲಗೆಗೆ ಮೂಗು ಹಚ್ಚಿ ಊರೆಲ್ಲ ಸುತ್ತಿಸಿಕೊಂಡು ಬಂದಳು. ಇಳಿದವಳೇ ಒಳಗೆ ಕೂಗಿದಳು: "ವಿರೂಪಮ್ಮಾ, ಗಂಟು ಕಟ್ಟವಾ."

ಅಯ್ಯಣ್ಣ ಗುಂಡಿ ಬಂದಲ್ಲೆಲ್ಲ ನಿಧಾನ ಮಾಡುತ್ತ ನಡೆಸಿದ. ಅರ್ಧ ದಾರಿಯಲ್ಲಿ ಮಗಳ ತಲೆ ನನ್ನ ಭುಜಕ್ಕೆ ಬಿತ್ತು.

"ವಿರೂಪಿ! ಏ ವಿರೂಪಿ!"

ಕಾರು ಗಕ್ಕನೆ ನಿಂತಿತು. ಅಯ್ಯಣ್ಣ ಹಿಂದೆ ತಿರುಗಿದ. ಮುಖದಲ್ಲಿ ರಕ್ತವಿರಲಿಲ್ಲ.

ಮಗಳು ಒಂದು ಕಣ್ಣು ತೆರೆದಳು. "ಯಾಕ ಬಡಕೊಂತೀ ಬೇ? ಚಲೋ ನಿದ್ದಿ ಹತ್ತಿತ್ತು" ಎಂದು ಸಿಡುಕಿ, ಮತ್ತೆ ನನ್ನ ಭುಜಕ್ಕೇ ಒರಗಿದಳು.

ಅಯ್ಯಣ್ಣ ಟವೆಲಿನಿಂದ ಮುಖ ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ. ನಾನು ಮಗಳ ತಲೆಯಡಿಗೆ ಸೆರಗು ಮಡಚಿ ಕೊಟ್ಟೆ.

"ಮೆಲ್ಲಕ ನಡಸ್ರಿ," ಎಂದೆ, "ಮಲಗ್ಯಾಳ."