ಹಚ್ಚದ ಪಟಾಕಿ

"ಹಚ್ಲಾ ಲೋಕೇಶ, ಇನ್ನೇನ್ ನೋಡ್ತಿದ್ದೀಯ?" ಬಾಲರಾಜು ಅಂಗಳಕ್ಕೆ ಓಡಿಬಂದು ಪಿಸುಗುಟ್ಟಿದ.

ಸಾತನೂರಿನಾಚೆಯ ಆ ಕಾಡಂಚಿನ ಊರಲ್ಲಿ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಆಗಲೇ ಒಂಟಿ ಸಲಗವೊಂದು ಬಾಲರಾಜುವಿನ ಬಾಳೆತೋಟಕ್ಕೆ ನುಗ್ಗಿತ್ತು. ತೋಟಕ್ಕೂ ಲೋಕೇಶನ ಮನೆಗೂ ನಡುವೆ ಬರೀ ಒಂದು ಬೇಲಿ. ಆನೆ ಓಡಿಸಲು ಊರು ಕರೆಯುತ್ತಿದ್ದದ್ದು ಲೋಕೇಶನನ್ನೇ. ಪಟಾಕಿ, ಬೆಂಕಿಪೊಟ್ಟಣ ಎರಡೂ ಈಗ ಅವನ ಕೈಯಲ್ಲೇ ಇದ್ದವು.

"ಬ್ಯಾಡ ಮಾಮ," ಅಂದಳು ಬಾಗಿಲಲ್ಲಿ ನಿಂತ ಹೆಂಡತಿ ಮಾದೇವಿ. "ಸಿರಿ ಮಲಗವ್ಳೆ."

ಐದು ವರ್ಷದ ಮಗಳು ಸಿರಿ ಯುಗಾದಿಯವರೆಗೂ ಕೋಳಿಮರಿ ಅಟ್ಟಿಸಿಕೊಂಡು ಓಡುತ್ತಿದ್ದವಳು. ಒಂದು ಜ್ವರ ಬಂದು ಹೋಯಿತು, ಜೊತೆಗೆ ನಡಿಗೆಯೂ ಹೋಯಿತು. ಬೆಂಗಳೂರಿನ ಡಾಕ್ಟರು ಜೀನಿನಲ್ಲಿ ಒಂದಕ್ಷರ ತಪ್ಪಿದೆ ಅಂದರು. ಅಪ್ಪನಿಂದ ಬಂದದ್ದೂ ಅದೇ ತಪ್ಪು, ಅಮ್ಮನಿಂದ ಬಂದದ್ದೂ ಅದೇ. ಜೀವಕೋಶ ಪ್ರೋಟೀನು ತಯಾರಿಸುವಾಗ ಆ ತಪ್ಪಿನಿಂದ ಎಡವುತ್ತದಂತೆ. ಜ್ವರ ಬಂದರೆ, ತಲೆಗೆ ಪೆಟ್ಟಾದರೆ, ಜೋರಾಗಿ ಬೆಚ್ಚಿಬಿದ್ದರೂ ಸಾಕು, ಮಿದುಳಿನ ಬಿಳಿ ಭಾಗ ಕರಗುತ್ತ ಹೋಗಬಹುದು. ಕರಗಿದ್ದು ಮರಳಿ ಬರುವುದಿಲ್ಲ.

ಮಾದೇವಿ ಕಣ್ಮುಂದೆಯೇ ಇರಲಿ ಎಂದು ಹಿರಿಯರು ಅಕ್ಕನ ಮಗಳಾದ ಅವಳನ್ನೇ ತಂದು ಲೋಕೇಶನಿಗೆ ಕಟ್ಟಿದ್ದರು. ಡಾಕ್ಟರ ಮಾತು ಕೇಳಿ ಊರಿಗೆ ಮರಳುವಾಗ ಬಸ್ಸಿನಲ್ಲಿ ಅವನು ಹೆಂಡತಿಯ ಮುಖ ನೋಡಲಿಲ್ಲ. ಆನೆಗೆ ಎದೆಗೊಟ್ಟು ನಿಲ್ಲುತ್ತಿದ್ದ ಗಂಡು, ಈಗ ಮನೆಯಲ್ಲಿ ಲೋಟ ಉರುಳಿದರೂ ಬೆವರುತ್ತಿದ್ದ.

"ನನ್ ತ್ವಾಟ ಹೋಯ್ತದಲ್ಲೋ," ಅಂದ ಬಾಲರಾಜು. "ಗೊನೆ ಬುಟ್ಟೈತೆ ಕಣ್ಲಾ."

"ನಿನ್ ಕಾಲಿಗ್ ಬೀಳ್ತೀನಿ ಕಣಣ್ಣ," ಅಂದಳು ಮಾದೇವಿ. "ಆ ಸದ್ದಿಗೆ ಬೆಚ್ಚಿದ್ರೆ, ನಾಳೆ ನನ್ನ ಅವ್ವ ಅಂತ ಕರೀತಾಳೋ ಇಲ್ವೋ."

ಬಾಳೆ ಮುರಿಯುವ ಸದ್ದು ಬೇಲಿಯ ಹತ್ತಿರಕ್ಕೆ ಬಂತು. ಲೋಕೇಶ ಪಟಾಕಿಯನ್ನು ಬಾಲರಾಜುವಿನ ಕೈಗೆ ತುರುಕಿದ. "ನನ್ ಕೈಲಾಗಕ್ಕಿಲ್ಲ. ನೀನೇ ಏನಾರ ಮಾಡ್ಕೊ."

ಬಾಲರಾಜು ತೋಟ ನೋಡಿದ, ಬಾಗಿಲು ನೋಡಿದ. ಆಮೇಲೆ ಪಟಾಕಿಯನ್ನು ಹಸು ಕುಡಿಯುವ ಬಾನಿಯ ನೀರಿಗೆ ಮೆಲ್ಲಗೆ ಇಳಿಬಿಟ್ಟು, ತೋಟಕ್ಕೆ ಬೆನ್ನು ಮಾಡಿ ಜಗಲಿಯ ಮೇಲೆ ಕೂತ.

ಮಾದೇವಿ ಒಳಗೆ ಹೋಗಿ ಮಗಳನ್ನು ತಬ್ಬಿಕೊಂಡಳು. ಗೋಡೆಯಾಚೆ ಆನೆಯ ಉಸಿರು ಕೇಳುತ್ತಿತ್ತು. ಬೇಲಿ ದಾಟಿ ಬಂದರೂ ಕೂಗುವಂತಿರಲಿಲ್ಲ. ಸಿರಿ ಕಣ್ಣು ಬಿಟ್ಟಳು.

"ಯಾಕವ್ವ ನಡುಗ್ತಿದ್ದೀಯ?"

"ಒಸಿ ಚಳಿ ಕಣವ್ವ."

ಸಿರಿ ತಡವರಿಸುವ ಕೈಯಿಂದ ತನ್ನ ದುಪ್ಪಟಿಯನ್ನು ಎಳೆದೆಳೆದು ಅವ್ವನ ಹೆಗಲಿಗೆ ಹೊದಿಸಿದಳು.