ಬಲಗಡೆಯ ಜಾಡು

ಈ ಕತೆಯನ್ನು ಮೊದಲು ಹೇಳಿದವಳು ಇರೇನಾ ವೊಯ್ಚಿಕ್. ಹೇಳಿದ್ದು 1981ರ ಮಾರ್ಚ್ ತಿಂಗಳ ಒಂದು ಗುರುವಾರ ಮಧ್ಯಾಹ್ನ, ಮಿಶಿಗನ್ನಿನ ಬೇ ಸಿಟಿಯ ಚರ್ಚೊಂದರ ನೆಲಮಾಳಿಗೆಯಲ್ಲಿ. ಈಸ್ಟರಿಗೆ ಮುಂಚಿನ ವ್ರತದ ದಿನಗಳಾದ್ದರಿಂದ ಮರುದಿನ ಶುಕ್ರವಾರದ ಮಾಂಸವಿಲ್ಲದ ಊಟಕ್ಕೆಂದು ಹನ್ನೆರಡು ಹೆಂಗಸರು ಉದ್ದನೆಯ ಮೇಜಿನ ಸುತ್ತ ಕೂತು ಪಿಯೆರೋಗಿ ಎಂಬ ಪೋಲಿಷ್ ಕಡುಬುಗಳಿಗೆ ಆಲೂಗಡ್ಡೆ ತುಂಬಿ ಅಂಚು ಒತ್ತುತ್ತಿದ್ದರು. ಕತೆಯ ಬ್ರೋನ್ಯಾ ಇರೇನಾಳ ಅತ್ತಿಗೆ, ಸ್ಟಾಶ್ ಅವಳ ಸ್ವಂತ ಅಣ್ಣ. ಆಮೇಲೆ ಇದನ್ನು ಹೇಳಿದವರ ಬಾಯಲ್ಲಿ ಕಾರಿನ ಬಣ್ಣ ಎರಡು ಸಲ ಬದಲಾಗಿದೆ, ಸೆಕೆಂಡುಗಳು ಹಿಗ್ಗಿ ಕುಗ್ಗಿವೆ. ಇಲ್ಲಿರುವುದು ಇರೇನಾ ಹೇಳಿದ ಹಾಗೆಯೇ.

"ಕೀಲಿ ಕೊಡು" ಎಂದಳು ಬ್ರೋನ್ಯಾ.

"ಯಾವ ಕೀಲಿ?"

ಯಾವುದೆಂದು ಸ್ಟಾಶ್‌ಗೆ ಚೆನ್ನಾಗಿ ಗೊತ್ತಿತ್ತು. ಕಾರಿನ ಕೀಲಿ ಕಾರಿನಲ್ಲೇ ಇತ್ತು. ಅವಳು ಕೇಳಿದ್ದು ಅವನ ಕೊರಳ ಸರದಲ್ಲಿ ಮಾತೆ ಮರಿಯಳ ಪದಕದ ಪಕ್ಕ ತೂಗುತ್ತಿದ್ದ, ಕಿರುಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಇನ್ನೊಂದನ್ನು. 1967ರ ಜುಲೈ ತಿಂಗಳ ಭಾನುವಾರ ಅದು. ಊರಾಚೆಯ ಕಾಲು ಮೈಲಿಯ ಓಟದ ಪಟ್ಟಿಯಲ್ಲಿ ಇಪ್ಪತ್ತು ಮೂವತ್ತು ಕಾರುಗಳು ಸರದಿ ಕಾಯುತ್ತಿದ್ದವು. ಬೇಲಿಯ ಬಳಿ ಎರಕದ ಕಾರ್ಖಾನೆಯ ಗೆಳೆಯರು ಬನ್ನಿನೊಳಗೆ ಸಾಸೇಜು ಇಟ್ಟುಕೊಂಡು ತಿನ್ನುತ್ತ ನಿಂತಿದ್ದರು. ಎಲ್ಲರಿಗೂ ಕಿವಿ ಇತ್ತು.

ಆ ಕಾರು ಮೂರು ತಿಂಗಳ ಹಿಂದೆ ಕೊಂಡ ನೀಲಿ ಪಾಂಟಿಯಾಕ್ ಜಿಟಿಒ. ಅದರ ಎರಡು ಆಸನಗಳ ನಡುವಿನ ಗೇರ್ ಲಿವರಿಗೆ ಅಕ್ಕಪಕ್ಕ ಎರಡು ಜಾಡುಗಳು. ಕಾರ್ಖಾನೆಯಿಂದಲೇ ಹಾಗೆ ಬಂದದ್ದು. ಎಡದ ಜಾಡಿನಲ್ಲಿ ಲಿವರನ್ನು ಒಮ್ಮೆ ಇಟ್ಟುಬಿಟ್ಟರೆ ಗಾಡಿ ತನ್ನ ಗೇರನ್ನು ತಾನೇ ಬದಲಿಸಿಕೊಳ್ಳುತ್ತದೆ. ಬಲದ ಜಾಡಿನಲ್ಲಿ ಓಡಿಸುವವರೇ ಮುಂದಕ್ಕೆ ತಳ್ಳಬೇಕು. ಎಷ್ಟು ಆವೇಶದಿಂದ ತಳ್ಳಿದರೂ ಒಂದು ಸಲಕ್ಕೆ ಒಂದೇ ಗೇರು. ಕಾರು ಮಾರಿದವನು "ಎಡಗಡೇದು ಮನೆಯವರಿಗೆ, ಬಲಗಡೇದು ನಿಮಗೆ" ಎಂದು ಕಣ್ಣು ಮಿಟುಕಿಸಿ, ಬಲದ ಜಾಡನ್ನು ಮುಚ್ಚುವ ಪುಟ್ಟ ಬೀಗವನ್ನು ತೋರಿಸಿ, ಅದರ ಕೀಲಿಯನ್ನು ಸ್ಟಾಶ್‌ನ ಅಂಗೈಯಲ್ಲಿಟ್ಟಿದ್ದ.

ಬ್ರೋನ್ಯಾ ಆಗ ಪಕ್ಕದಲ್ಲೇ ನಿಂತಿದ್ದಳು. ಹದಿಮೂರನೆಯ ವಯಸ್ಸಿನಿಂದ ಮದುವೆಯ ಹಿಂದಿನ ವಾರದವರೆಗೆ ಅಪ್ಪನ ಬೀಟ್ ಗೆಡ್ಡೆಯ ಲಾರಿಯನ್ನು, ಒಂದೊಂದು ಗೇರಿಗೆ ಎರಡೆರಡು ಸಲ ಕ್ಲಚ್ ತುಳಿಸಿಕೊಳ್ಳುತ್ತಿದ್ದ ಆ ಮೊಂಡು ಲಾರಿಯನ್ನು, ಸಕ್ಕರೆ ಕಾರ್ಖಾನೆಗೆ ಓಡಿಸಿದವಳು ಅವಳು. ಮೂರು ತಿಂಗಳಿಂದ ಅಂಗಡಿಗೆ, ಚರ್ಚಿಗೆ, ಹಲ್ಲಿನ ವೈದ್ಯರಲ್ಲಿಗೆ ಎಡದ ಜಾಡಿನಲ್ಲೇ ಹೋಗಿಬಂದಿದ್ದಳು. ಪ್ರತಿ ಸಲ ಲಿವರ್ ಹಿಡಿದಾಗಲೂ ಆ ಬೀಗ ಅವಳ ಬೆರಳಿಗೆ ತಾಗುತ್ತಿತ್ತು.

"ಒಂದೇ ಒಂದು ಓಟ" ಎಂದಳು. "ಬಲಗಡೇಲಿ."

"ಅದು ನಿಂಗಾಗಲ್ಲ ಕಣೇ. ಸರಿಯಾದ ಹೊತ್ತು ನೋಡಿ ತಳ್ಬೇಕು. ಕೈಯಲ್ಲಿ ಲೆಕ್ಕ ಇರಬೇಕು."

ಬೇಲಿಯಾಚೆಯಿಂದ ಲ್ಯಾಂಬರ್ಟ್ ಕ್ರೂಗರ್ ಬಾಯಿ ಹಾಕಿದ. ಅಚ್ಚಿಗೆ ಎರಕ ಹೊಯ್ಯುವುದರಲ್ಲಿ ಸ್ಟಾಶ್‌ನ ಜೊತೆಗಾರ. ಬಾಯಿಗೆ ಬೀಗವೇ ಇಲ್ಲದವನು.

"ಕೊಡಬೇಡ ಸ್ಟಾಶ್. ಇವತ್ತು ಗೇರ್ ಕೇಳ್ತಾಳೆ, ನಾಳೆ ಪ್ಯಾಂಟ್ ಕೇಳ್ತಾಳೆ."

"ನಿನ್ ಪ್ಯಾಂಟನ್ನ ನಿನ್ ಹೆಂಡ್ತಿ ಕೇಳಿ ವರ್ಷ ಎಷ್ಟಾಯ್ತು ಲ್ಯಾಂಬರ್ಟ್?" ಎಂದಳು ಬ್ರೋನ್ಯಾ. ಸಾಸೇಜು ಹಿಡಿದ ಕೈಗಳೆಲ್ಲ ಕುಲುಕಿದವು. ಅವಳು ಗಂಡನ ಕಡೆ ತಿರುಗಿದಳು. "ಸರಿ, ಕೀಲಿ ನಿನ್ ಹತ್ರಾನೇ ಇರ್ಲಿ. ನೀನು ನಿನ್ ಜಾಡಲ್ಲಿ ಎರಡು ಸಲ ಓಡ್ಸು. ಆಮೇಲೆ ಬೀಗ ಹಾಕ್ಕೊಡು, ನಾನು ನನ್ ಜಾಡಲ್ಲಿ ಒಂದ್ಸಲ ಓಡಿಸ್ತೀನಿ. ನಂದು ಬೇಗ ಬಂದ್ರೆ ಕೀಲಿ ನಂದು. ಬರ್ಲಿಲ್ಲಾಂದ್ರೆ ಇನ್ಮೇಲೆ ಅದರ ಮಾತೇ ಎತ್ತಲ್ಲ."

ಸ್ಟಾಶ್ ಬೇಲಿಯ ಕಡೆ ನೋಡಿದ. ಅಷ್ಟು ಜನರ ಎದುರು ಆಗದು ಎನ್ನುವಂತಿರಲಿಲ್ಲ.

ಅವನು ಓಡಿಸಿದ. ಕಾರಿನ ಬಾನೆಟ್ಟಿನ ಮೇಲೆ, ಗಾಜಿನ ಹೊರಗೆ, ಇಂಜಿನ್ನಿನ ಸುತ್ತು ತೋರಿಸುವ ಒಂದು ಮುಳ್ಳಿನ ತಟ್ಟೆಯಿತ್ತು. ಮುಳ್ಳು ಆರು ಸಾವಿರ ಮುಟ್ಟುವವರೆಗೆ ಗೇರ್ ತಳ್ಳಕೂಡದೆಂದು ಕಾರ್ಖಾನೆಯ ಊಟದ ಕೋಣೆಯಲ್ಲಿ ತೀರ್ಮಾನವಾಗಿತ್ತು. ಸ್ಟಾಶ್ ಅದನ್ನು ವ್ರತದಂತೆ ಪಾಲಿಸುತ್ತಿದ್ದ. ಹಸಿರು ದೀಪ ಹತ್ತಿದೊಡನೆ ಚಕ್ರಗಳು ಕಿರುಚಿ ಹೊಗೆ ಎದ್ದಿತು. ನೋಡುವುದಕ್ಕೆ ಭರ್ಜರಿಯಾಗಿತ್ತು. ಬ್ರೋನ್ಯಾ ಬೇಲಿಗೆ ಒರಗಿ ಕಣ್ಣು ಮುಚ್ಚಿ ಕೇಳಿದಳು. ಇಂಜಿನ್ನಿನ ಸದ್ದು ಏರಿತು, ತುಂಬಿತು, ಆಮೇಲೆ ಏದುಸಿರಾಯಿತು. ಈಗ, ಎಂದುಕೊಂಡಳು. ಲಿವರ್ ಇನ್ನೂ ಕದಲಿರಲಿಲ್ಲ. ಮುಂದಿನ ಗೇರು ಬೀಳುವಷ್ಟರಲ್ಲಿ ಕಾರು ಸುಮ್ಮನೆ ಕೂಗಾಡಿ ದಣಿದಿತ್ತು.

ಧ್ವನಿವರ್ಧಕ ಹೇಳಿತು: ಹದಿನೈದು ಸೆಕೆಂಡು, ಮೇಲೆ ಒಂದು ಚೂರು. ಎರಡನೆಯ ಸಲ ಹದಿನೈದಕ್ಕೆ ಕೂದಲೆಳೆಯಷ್ಟು ಕಡಿಮೆ. ಗೆಳೆಯರು ಶಿಳ್ಳೆ ಹಾಕಿದರು. ಸ್ಟಾಶ್ ಬೀಗ ಹಾಕಿ, ಇಳಿದು, ಕೀಲಿಯನ್ನು ಮತ್ತೆ ಕೊರಳಿಗೆ ಹಾಕಿಕೊಂಡ.

"ಹುಷಾರು ಕಣೇ. ಬ್ರೇಕು ಕೊನೇವರೆಗೂ ಮುಟ್ಬೇಡ" ಎಂದ. ಸ್ಪರ್ಧೆಯಾದರೂ ಹೆಂಡತಿ ಹೆಂಡತಿಯೇ.

ಬ್ರೋನ್ಯಾ ಆಸನವನ್ನು ಮುಂದಕ್ಕೆಳೆದುಕೊಂಡಳು. ಇದು ತಪ್ಪಿದರೆ ಇನ್ನು ಯಾವತ್ತೂ ಕೇಳುವಂತಿಲ್ಲ. ಕೊಟ್ಟ ಮಾತಿಗೆ ತಪ್ಪುವ ಅಭ್ಯಾಸ ಅವಳ ತವರಿನಲ್ಲಿ ಇರಲಿಲ್ಲ. ಹಳದಿ ದೀಪಗಳು ಒಂದೊಂದಾಗಿ ಕೆಳಗಿಳಿದವು. ಹಸಿರು. ಅವಳು ಎಕ್ಸಲರೇಟರನ್ನು ಒದೆಯಲಿಲ್ಲ. ತುಂಬಿದ ಲಾರಿಯನ್ನು ಕೆಸರಿನಿಂದ ಎಬ್ಬಿಸುವ ಹಾಗೆ ಒತ್ತಿದಳು, ಆಮೇಲೆ ಪೂರ್ತಿ ತುಳಿದಳು. ಹೊಗೆ ಏಳಲಿಲ್ಲ. ಬೇಲಿಯಲ್ಲಿ ಯಾರೋ ಆಕಳಿಸಿದರಂತೆ. ಗಾಡಿ ತನಗೆ ಬೇಕಾದ ಹೊತ್ತಿಗೆ ತಾನೇ ಗೇರು ಬದಲಿಸಿತು, ಮತ್ತೊಮ್ಮೆ ಬದಲಿಸಿತು. ಅವಳ ಎರಡು ಕೈಗಳೂ ಸ್ಟೀರಿಂಗ್ ಮೇಲೆಯೇ ಇದ್ದವು.

"ಹದಿನಾಲ್ಕು ಪಾಯಿಂಟ್ ಏಳು ನಾಲ್ಕು" ಎಂದಿತು ಧ್ವನಿವರ್ಧಕ.

ಬೇಲಿಯಾಚೆಯಿಂದ ಲ್ಯಾಂಬರ್ಟ್, "ಸ್ಟಾಶ್, ನೀನೇ ಮಧ್ಯ ಅಡ್ಡ ಬರ್ತಿದ್ದೆ ಕಣೋ" ಎಂದ, ನಗು ಕಟ್ಟೆಯೊಡೆಯಿತು.

ಬ್ರೋನ್ಯಾ ಕಾರನ್ನು ತಿರುಗಿಸಿಕೊಂಡು ಬಂದಾಗ ಸ್ಟಾಶ್ ತನ್ನ ಬೂಟಿನ ತುದಿ ನೋಡುತ್ತ ನಿಂತಿದ್ದ. ಗೆದ್ದರೂ ಕೀಲಿ ಬೇಡ ಬಿಡು ಎಂದುಬಿಡಲೇ, ಎನಿಸಿತು ಅವಳಿಗೆ. ಅಷ್ಟರಲ್ಲಿ ಅವನು ಸರ ತೆಗೆಯಲು ಹೋಗಿ ಕಿವಿಗೆ ಸಿಕ್ಕಿಸಿಕೊಂಡ. ಎಳೆದ. ಬರಲಿಲ್ಲ. ಅವಳೇ ಬಿಡಿಸಬೇಕಾಯಿತು.

"ಮಾತೆ ಮರಿಯಳನ್ನ ನಾನೇ ಇಟ್ಕೋತೀನಿ" ಎಂದ, ಕೀಲಿಯನ್ನು ಅವಳ ಕೈಗಿಟ್ಟು ಪದಕವನ್ನು ಮುಷ್ಟಿಯಲ್ಲಿ ಹಿಡಿದು. "ನಂಗೀಗ ಅವಳೇ ಗತಿ." ಹೇಳಿ ಮುಗಿಸುವ ಮೊದಲೇ ಅವನಿಗೇ ನಗು ಬಂತು. "ಹೋಗು, ನಿನ್ ಬಲಗಡೆ ಓಟಾನೂ ಓಡಿಸ್ಕೊಂಡು ಬಾ. ನಾನೂ ನೋಡ್ತೀನಿ."

ಅವಳು ಬೀಗ ತೆಗೆದಳು. ಲಿವರನ್ನು ಬಲಕ್ಕೆ ಸರಿಸಿ ಮೊದಲ ಗೇರಿಗೆ ಎಳೆದಳು. ಈ ಸಲ ಬೇಲಿಯಲ್ಲಿ ಯಾರೂ ತಿನ್ನುತ್ತಿರಲಿಲ್ಲ. ಇಂಜಿನ್ ಗೊಣಗುವುದಕ್ಕೆ ಒಂದು ಕ್ಷಣ ಮುಂಚೆ ತಳ್ಳಿದಳು. ಲಿವರ್ ಕಟ್ ಎಂದು ತನ್ನ ಜಾಗಕ್ಕೆ ಬಿದ್ದು ಕಾರು ಮುಂದಕ್ಕೆ ನೆಗೆಯಿತು. ಇನ್ನೊಮ್ಮೆ, ಕಟ್. ಪಟ್ಟಿಯ ಕೊನೆ ಬಂದಾಗ ತಾನು ಜೋರಾಗಿ ನಗುತ್ತಿರುವುದು ಅವಳಿಗೆ ಗೊತ್ತಾಯಿತು.

ಹದಿನಾಲ್ಕು ಪಾಯಿಂಟ್ ಆರು. ಅದರ ಮುಂದಿನ ಅಂಕಿ ಇರೇನಾಳಿಗೆ ನೆನಪಿರಲಿಲ್ಲ.

"ಮುಳ್ಳು ಎಷ್ಟರಲ್ಲಿದ್ದಾಗ ತಳ್ದೆ?" ಸ್ಟಾಶ್ ಕಾರಿನ ಕಿಟಕಿಗೆ ಬಗ್ಗಿ ಕೇಳಿದ.

"ಯಾರಿಗ್ ಗೊತ್ತು. ಅದನ್ನ ನೋಡ್ತಾ ಕೂತ್ರೆ ರಸ್ತೆ ನೋಡೋರ್ಯಾರು? ಅದು ಸಾಕು ಅಂದಾಗ ತಳ್ದೆ."

"ಅದು ಅನ್ನುತ್ತಾ?"

"ಜೋರಾಗೇ ಅನ್ನುತ್ತೆ. ನೀನು ಅದಕ್ಕಿಂತ ಜೋರು."

"ಹಂಗಾದ್ರೆ ಕಲಿಸು."

ಮನೆಗೆ ಹೋಗುವಾಗ ಸ್ಟೀರಿಂಗ್ ಅವನ ಕೈಯಲ್ಲಿತ್ತು, ಪಕ್ಕದ ಆಸನದಲ್ಲಿ ಅವಳು. ಅಮೆರಿಕದ ಕಾರಿನಲ್ಲಿ ಓಡಿಸುವವರು ಕೂರುವುದು ಎಡಕ್ಕೆ, ಹಾಗಾಗಿ ಬಲದ ಜಾಡು ಅವಳ ಕಡೆಗೇ ಹತ್ತಿರ. ಕಾರು ಮಾರಿದವನಿಗೆ ಅದು ಹೊಳೆದಿರಲಿಲ್ಲ. ಬೀಟ್ ಹೊಲಗಳ ನಡುವಿನ ನೇರ ರಸ್ತೆಯಲ್ಲಿ ಅವನು ಎಕ್ಸಲರೇಟರ್ ಒತ್ತಿದ. ಅವಳ ಎಡಗೈ ಲಿವರ್ ಮೇಲಿತ್ತು.

"ಈಗಲಾ?" ಎಂದ.

"ತಡಿ."

"ಈಗ?"

"ಮಾತಾಡ್ಬೇಡ, ಕೇಳು."

ಅವನು ಬಾಯಿ ಮುಚ್ಚಿದ. ಮೈಲಿಕಲ್ಲೊಂದು ಹಿಂದೆ ಸರಿಯಿತು. ಅವಳು ತಳ್ಳುವ ಮೊದಲೇ, ಈಗ ಎಂಬಂತೆ, ಅವನ ತಲೆ ಒಂದು ಚೂರು ಆಡಿತು.

ಇರೇನಾ ಇಷ್ಟಕ್ಕೆ ನಿಲ್ಲಿಸಿದಳು. ಕೊನೆಯ ತಟ್ಟೆಯೂ ತುಂಬಿತ್ತು. ಹೆಂಗಸರು ಕೈಗಂಟಿದ ಹಿಟ್ಟು ತೊಳೆದು, ಏಪ್ರನ್ ಮಡಿಸಿಟ್ಟು, ಕೋಟು ತೊಟ್ಟು ಮೆಟ್ಟಿಲು ಹತ್ತಿದರು. ಹೊರಗೆ ಕರಗುತ್ತಿದ್ದ ಮಂಜಿನಲ್ಲಿ ಅವರ ಕಾರುಗಳು ಸಾಲಾಗಿ ನಿಂತಿದ್ದವು. ಇಂಜಿನ್ನುಗಳು ಒಂದೊಂದಾಗಿ ಚಾಲೂ ಆದವು. ಒಳಗೆ ಕಿವಿಗೊಟ್ಟು ಕೂತ ಹೆಂಗಸರು ಸ್ವಲ್ಪ ಹೊತ್ತು ಯಾವ ಕಾರನ್ನೂ ಕದಲಿಸಲಿಲ್ಲ.